ಘಟ್ಟದ ಬುಡದಲ್ಲಿ ವಿದ್ಯುತ್ತಿನ ದಾರಿಗಳು

2013ನೆಯ ಇಸವಿಯಲ್ಲಿ, ದಕ್ಷಿಣ ಕನ್ನಡದ ಮೂಡುಬಿದಿರೆಗೆ ಸಮೀಪವಾಗಿ, ಬೈಲುಗದ್ದೆಗಳೂ ಅಡಕೆ ತೋಟಗಳೂ ಮುರಕಲ್ಲಿನ ಗುಡ್ಡಗಳೂ ಒಂದರೊಳಗೊಂದು ಹೆಣೆದುಕೊಂಡಿರುವ ನಿಡ್ಡೋಡಿ ಎಂಬ ಗ್ರಾಮದ ಹೆಸರು, ಅದುವರೆಗೆ ಅದನ್ನು ಕೇಳಿಯೂ ಅರಿಯದ ರಾಜಧಾನಿಗಳ ಕಡತಗಳಲ್ಲಿ ಓಡಾಡತೊಡಗಿತು. 4,000 ಮೆಗಾವಾಟ್ ಸಾಮರ್ಥ್ಯದ ಅತಿಬೃಹತ್ ಉಷ್ಣವಿದ್ಯುತ್ ಸ್ಥಾವರವೊಂದನ್ನು ಅಲ್ಲಿ ಸ್ಥಾಪಿಸಬೇಕೆಂಬುದು ಆ ಕಡತಗಳ ಒಕ್ಕಣೆ. ಇದಕ್ಕೆ ಮೊದಲು ಉತ್ತರ ಕನ್ನಡದ ತದಡಿಯಲ್ಲಿ, ಅಘನಾಶಿನಿಯ ಅಳಿವೆಯ ದಡದಲ್ಲಿ, ಇಂತಹುದೇ ಒಂದು ಯೋಜನೆ ಪ್ರಸ್ತಾಪಕ್ಕೆ ಬಂದು, ಅಲ್ಲಿಯ ಜನರ ವಿರೋಧದಿಂದ ಹಿಂದೆ ಸರಿದಿತ್ತು. ನಿಡ್ಡೋಡಿಯವರೂ ಸುಮ್ಮನಿರಲಿಲ್ಲ. ಗದ್ದೆಗೆ ಇಳಿಯುವ ಕಾಲದಲ್ಲಿ ಬೀದಿಗಿಳಿದರು; ಸಭೆ, ಮೆರವಣಿಗೆ, ಮನವಿಗಳಾದವು; ಕೊನೆಗೆ ಯೋಜನೆ ಅಲ್ಲಿಂದಲೂ ಕಾಲ್ತೆಗೆಯಿತು.

ಈ ಪ್ರಸಂಗವನ್ನು ಕೇವಲ ಒಂದು ಪ್ರತಿಭಟನೆಯ ವೃತ್ತಾಂತವೆಂದು ಓದಿ ಬದಿಗಿಡುವುದು ಸುಲಭ. ಆದರೆ ನಾಲ್ಕು ಸಾವಿರ ಮೆಗಾವಾಟ್ ಎಂದರೆ ಎಷ್ಟೆಂಬುದನ್ನು ಸ್ವಲ್ಪ ಲೆಕ್ಕಹಾಕಿ ನೋಡಬೇಕು. ಅಷ್ಟು ದೊಡ್ಡ ಸ್ಥಾವರವು ಪರದೇಶದಿಂದ ತಂದ ಉತ್ತಮ ಜಾತಿಯ ಕಲ್ಲಿದ್ದಲನ್ನೇ ಉರಿಸಿದರೂ ದಿನವೊಂದಕ್ಕೆ 30,000 ಟನ್ನಿಗೂ ಮಿಕ್ಕಿ ಬೇಕಾಗುತ್ತದೆ; ಅಂದರೆ, ಭರ್ತಿಯಾದ ಎಂಟು ಗೂಡ್ಸ್ ರೈಲುಗಳ ಹೊರೆ, ಪ್ರತಿದಿನವೂ. ಆ ಕಲ್ಲಿದ್ದಲಿನ ಒಂದು ಚೂರೂ ನಿಡ್ಡೋಡಿಯ ನೆಲದಲ್ಲಿ ಇಲ್ಲ. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಈ ಮೂರು ತಾಲೂಕುಗಳಲ್ಲಿ ಎಲ್ಲಿ ಅಗೆದರೂ ಇಲ್ಲ. ಇಡೀ ಕರ್ನಾಟಕದಲ್ಲಿಯೂ ಇಲ್ಲವೆಂದೇ ಹೇಳಬೇಕು. ನಮ್ಮ ನಾಡಿನ ಬಹುಭಾಗಕ್ಕೆ ಅಡಿಪಾಯವಾಗಿರುವ ಶಿಲೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ಭಾರತದಲ್ಲಿ ಕಲ್ಲಿದ್ದಲಾಗಿ ಮಾರ್ಪಟ್ಟ ಅರಣ್ಯಗಳಾದರೋ ಬೆಳೆದುದು 30 ಕೋಟಿ ವರ್ಷಗಳಿಂದೀಚೆಗೆ. ಗಿಡಮರಗಳು ಹುಟ್ಟುವುದಕ್ಕೆ ಬಹು ಮೊದಲೇ ಗಟ್ಟಿಗೊಂಡ ಬಂಡೆಯಲ್ಲಿ ಕಲ್ಲಿದ್ದಲನ್ನು ಹುಡುಕುವುದು ವ್ಯರ್ಥಪ್ರಯಾಸವಷ್ಟೆ. ಹಾಗಿದ್ದೂ ನಿಡ್ಡೋಡಿಯನ್ನು ಆರಿಸಿದ್ದೇಕೆ? ಹತ್ತಿರದಲ್ಲಿ ನವಮಂಗಳೂರು ಬಂದರು ಉಂಟು, ರೈಲುಮಾರ್ಗ ಉಂಟು, ಬಳಿಯಲ್ಲಿ ಕಡಲ ನೀರು ಉಂಟು. ಆ ನೆಲದ ಗುಣವನ್ನಲ್ಲ, ಅದಕ್ಕೆ ನೆರೆಯಾಗಿದ್ದ ಅನುಕೂಲಗಳನ್ನು ನೋಡಿ ಆರಿಸಿದ್ದು.

ಒಂದು ದೇಶದ ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಎರಡು ಬಗೆಯ ಉತ್ತರಗಳುಂಟೆಂದು ಈ ಲೇಖಕನ ಅಭಿಮತ. ನೆಲವು ತಾನಾಗಿಯೇ ಕೊಡುವಂಥದು ಒಂದು. ಎಲ್ಲಿಂದಲೋ ತಂದು ನೆಲದ ಮೇಲೆ ಹೇರುವಂಥದು ಇನ್ನೊಂದು. ತಂತಿಯನ್ನು ಹೊಕ್ಕ ಮೇಲೆ ಎರಡಕ್ಕೂ ಯಾವ ಭೇದವೂ ಉಳಿಯುವುದಿಲ್ಲ. ಭೇದ ಗೊತ್ತಾಗುವುದು ಅವು ಹುಟ್ಟುವ ಜಾಗದಲ್ಲಿ ಬದುಕುವವರಿಗೆ ಮಾತ್ರ.

ದೇಶದ ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿದರೆ ಮೊದಲ ಬಗೆಯ ಉತ್ತರವು ಎಷ್ಟು ವಿಚಿತ್ರವಾಗಿ ಹಂಚಿಹೋಗಿದೆಯೆಂಬುದು ತಿಳಿಯುತ್ತದೆ. ಭಾರತದಲ್ಲಿ ಉತ್ಪನ್ನವಾಗುವ ವಿದ್ಯುತ್ತಿನ ಮುಕ್ಕಾಲು ಪಾಲಿನಷ್ಟು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದ್ದು, ಆ ಕಲ್ಲಿದ್ದಲಿನ ಸಿಂಹಪಾಲು ದಾಮೋದರ, ಶೋಣ, ಮಹಾನದಿ ಮತ್ತು ಗೋದಾವರಿ ಕಣಿವೆಗಳಲ್ಲಿ, ಅಂದರೆ ಜಾರ್ಖಂಡ, ಒಡಿಶಾ, ಛತ್ತೀಸಗಢಗಳ ಸುತ್ತುಮುತ್ತ ಹೂತುಕೊಂಡಿದೆ. ಸಿಂಗ್ರೌಲಿ, ಕೋರಬಾ, ತಾಲ್ಚೇರಗಳಲ್ಲಿ ಗಣಿಯ ಬಾಯಲ್ಲೇ ಸ್ಥಾವರವೂ ನಿಂತಿರುತ್ತದೆ. ತಮಿಳುನಾಡಿನ ನೈವೇಲಿಯಲ್ಲಿ ಕಲ್ಲಿದ್ದಲಿಗಿಂತ ಎಳೆಯದಾದ ಲಿಗ್ನೈಟ್ ದೊರೆಯುತ್ತದೆ. ಹಿಮಾಲಯದ ತಪ್ಪಲಿನವರಿಗೆ ಹಿಮ ಕರಗಿ ಹರಿಯುವ ನದಿಗಳೇ ಆಧಾರ. ಭಾಕ್ರಾ, ತೆಹರಿಗಳು ಅಲ್ಲಿಯವು. ನೆರೆಯ ಭೂತಾನದಿಂದಲೂ ಜಲವಿದ್ಯುತ್ತು ನಮ್ಮ ದೇಶಕ್ಕೆ ಹರಿದುಬರುತ್ತದೆ. ಅಸ್ಸಾಂ, ತ್ರಿಪುರಗಳಲ್ಲಿ ನೈಸರ್ಗಿಕ ಅನಿಲ. ರಾಜಸ್ಥಾನದ ಭಡ್ಲಾದಲ್ಲಿ ಮರುಭೂಮಿಯ ಬಿಸಿಲು. ಕನ್ಯಾಕುಮಾರಿಯ ಸಮೀಪದ ಮುಪ್ಪಂದಲದಲ್ಲಿ ಬೆಟ್ಟಗಳ ಕಂಡಿಯಿಂದ ನುಗ್ಗುವ ಗಾಳಿ. 1940ರಲ್ಲಿ ಪಳ್ಳಿವಾಸಲದಿಂದ ತೊಡಗಿ ನದಿಗಳನ್ನೇ ನೆಚ್ಚಿಕೊಂಡು ಬಂದ ಕೇರಳವು, ನದಿಗಳು ಸಾಲದಾದ ಮೇಲೆ, ತನಗೆ ಬೇಕಾದುದರ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದೆ. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕೆಂದು ಪ್ರಾರ್ಥನೆ. ಬಂಟ್ವಾಳದ ತೋಟಗಳಿಗೂ ಅದಕ್ಕೂ ಸಂಬಂಧವುಂಟು.

ಮೈಸೂರು ಸಂಸ್ಥಾನವು ವಿದ್ಯುತ್ತಿನ ಹಾದಿ ಹಿಡಿದುದೇ ಕಲ್ಲಿದ್ದಲಿಲ್ಲದ ಕೊರತೆಯಿಂದ. ಕೋಲಾರದ ಚಿನ್ನದ ಗಣಿಗಳ ಯಂತ್ರಗಳಿಗೆ ದೂರದಿಂದ ಕಲ್ಲಿದ್ದಲು ತರಿಸುವುದು ದುಬಾರಿಯಾಗಿದ್ದುದರಿಂದ, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯ ಕಾಲದಲ್ಲಿ ಆರಂಭಗೊಂಡ ಯೋಜನೆಯ ಫಲವಾಗಿ, 1902ರಲ್ಲಿ ಶಿವನಸಮುದ್ರದ ಕಾವೇರಿಯ ಶಕ್ತಿಯು 147 ಕಿಲೋಮೀಟರ್ ತಂತಿಯ ಮೂಲಕ ಗಣಿಯನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದು ಅಂದಿಗೆ ಪ್ರಪಂಚದಲ್ಲಿಯೇ ಅಪರೂಪದ ಸಾಹಸ. ಬೆಂಗಳೂರಿನ ಬೀದಿಗಳು ಬೆಳಗಿದುದು 1905ರಲ್ಲಿ. ಬೇಸಗೆಯಲ್ಲಿ ಕಾವೇರಿ ಬಡವಾದಾಗ ಗಣಿಗಳು ನಿಲ್ಲಬಾರದೆಂಬುದೂ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು. ಮುಂದೆ 1948ರಲ್ಲಿ ಜೋಗ, 1964ರಿಂದ ಶರಾವತಿಯ ಮಹಾಯೋಜನೆ, ಆಮೇಲೆ ಕಾಳಿ, ಅದರ ಮೇಲೆ ವಾರಾಹಿ. ಶರಾವತಿಯ ಹತ್ತು ಯಂತ್ರಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಹೀಗೆ ಬಹುಕಾಲ ಕರ್ನಾಟಕದ ದೀಪಗಳೆಲ್ಲ ಮಳೆಯ ದೀಪಗಳೇ. ಮುಂಗಾರು ಕೈಕೊಟ್ಟ ವರ್ಷ ಕತ್ತಲೆಯೂ ತಪ್ಪುತ್ತಿರಲಿಲ್ಲ. ಆ ಭಯದಿಂದಲೇ ರಾಯಚೂರಿನಲ್ಲಿ ಕೃಷ್ಣೆಯ ದಡದ ಶಕ್ತಿನಗರ ಎದ್ದಿತು. 1985ರಲ್ಲಿ ಅದರ ಮೊದಲನೆಯ ಘಟಕ ಕೆಲಸಕ್ಕೆ ತೊಡಗಿತು. ಹೊರರಾಜ್ಯಗಳ ಕಲ್ಲಿದ್ದಲು ರೈಲಿನಲ್ಲಿ ಅಲ್ಲಿಗೆ ಬಂದು ಬೀಳುತ್ತದೆ.

ಇತ್ತ ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಮೈಸೂರಿನ ಈ ಜಲವೈಭವದಲ್ಲಿ ಅದಕ್ಕೆ ಪಾಲು ಇರಲಿಲ್ಲ. ಯಕ್ಷಗಾನ ಬಯಲಾಟದ ರಂಗಸ್ಥಳ ದೊಂದಿಯ ಬೆಳಕಿನಿಂದ ಗ್ಯಾಸ್‌ಲೈಟಿಗೆ ಬಂದು, ಅಲ್ಲಿಯೇ ಬಹುಕಾಲ ನಿಂತಿತ್ತು. ಪಾಣೆಮಂಗಳೂರಿನ ಕಡೆಯ ಹಂಚಿನ ಕಾರ್ಖಾನೆಗಳ ಗೂಡುಗಳನ್ನು ಉರಿಸಿದುದು ಕಾಡಿನ ಸೌದೆ. ಮನೆಯ ಬಚ್ಚಲೊಲೆಗೆ ತೆಂಗಿನ ಮಡಲು, ಗೆರಟೆ, ಅಡಕೆಯ ಸಿಪ್ಪೆ. ಅಂಗಳದಲ್ಲಿ ಹರವಿದ ಅಡಕೆಗೆ ಸೂರ್ಯ. ಅಂಥ ಒಲೆಗಳು ಇಂದಿಗೂ ಆರಿಲ್ಲ. ಯೂನಿಟ್ಟುಗಳ ಲೆಕ್ಕದಲ್ಲಿ ಎಲ್ಲಿಯೂ ನಮೂದಾಗದ ಈ ಶಕ್ತಿಯು, ಹಂಡೆಯ ನೀರನ್ನು ಕಾಯಿಸುವ ಮಟ್ಟಿಗಾದರೂ, ದೊಡ್ಡ ದೊಡ್ಡ ಸ್ಥಾವರಗಳ ಹೊರೆಯನ್ನು ಎಷ್ಟೋ ಇಳಿಸುತ್ತಿದೆ.

ನೀರಿನಿಂದ ವಿದ್ಯುತ್ತು ಹುಟ್ಟುವ ಲೆಕ್ಕ ಬಹಳ ಸರಳವಾದುದು. ನೀರಿನ ತೂಕ ಎಷ್ಟು, ಅದು ಬೀಳುವ ಎತ್ತರ ಎಷ್ಟು, ಇವೆರಡನ್ನು ಗುಣಿಸಿದರೆ ಶಕ್ತಿ. ಶರಾವತಿಯಲ್ಲಿ ಆಗುವಂತೆ 400 ಮೀಟರಿಗೂ ಮಿಕ್ಕಿದ ಎತ್ತರದಿಂದ ಬೀಳುವುದಾದರೆ ಸಾವಿರ ಲೀಟರ್ ನೀರು, ಯಂತ್ರದ ನಷ್ಟಗಳನ್ನು ಕಳೆದು, ಸರಿಸುಮಾರು ಒಂದು ಯೂನಿಟ್ ವಿದ್ಯುತ್ತನ್ನು ಕೊಡುತ್ತದೆ. ಅದೇ ಒಂದು ಯೂನಿಟ್ಟಿಗೆ ನಮ್ಮ ದೇಶದ ಕಲ್ಲಿದ್ದಲಾದರೆ ಮುಕ್ಕಾಲು ಕಿಲೋಗ್ರಾಮಿಗೆ ಸಮೀಪವಾಗಿ ಉರಿಯಬೇಕು. ಎತ್ತರವು ಹತ್ತೇ ಮೀಟರ್ ಆದಲ್ಲಿ ಸಾವಿರ ಲೀಟರ್ ಸಾಲದು, 40,000 ಲೀಟರ್ ಬೇಕು. ಈ ಸರಳ ಗಣಿತವೊಂದೇ ನಮ್ಮ ಮೂರು ತಾಲೂಕುಗಳನ್ನು ಮೂರು ದಾರಿಗೆ ಕಳುಹಿಸಿದೆ. ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟಿದ ನೇತ್ರಾವತಿಯು ತನ್ನ ಎತ್ತರವನ್ನೆಲ್ಲ ಬೆಳ್ತಂಗಡಿಯ ಕಾಡುಗಳಲ್ಲಿಯೇ ಇಳಿದು ಮುಗಿಸುತ್ತಾಳೆ. ಆದರೆ ಅಲ್ಲಿ ನೀರು ಇನ್ನೂ ಕಿರಿಯ ತೋಡುಗಳಲ್ಲಿ ಚದುರಿರುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುವಾಗ ನೀರು ಅಪಾರ, ಎತ್ತರ ಅತ್ಯಲ್ಪ. ಮೂಡುಬಿದಿರೆಗಾದರೋ ಹೇಳಿಕೊಳ್ಳುವಂಥ ಎತ್ತರವೂ ಇಲ್ಲ, ನೇತ್ರಾವತಿಯಂಥ ಹೊಳೆಯೂ ಇಲ್ಲ.

ಬೆಳ್ತಂಗಡಿಯ ಘಟ್ಟದ ಬುಡದ ಗ್ರಾಮಗಳಲ್ಲಿ, ನೆರಿಯ, ಶಿಶಿಲ, ಮಲವಂತಿಗೆ ಮುಂತಾದ ಕಡೆಗಳಲ್ಲಿ, ತೋಡಿನ ನೀರಿನಿಂದ ಮನೆಮಟ್ಟಿಗೆ ವಿದ್ಯುತ್ತನ್ನು ತಯಾರಿಸಿಕೊಳ್ಳುವ ರೂಢಿಯುಂಟು. ಕಿರು ಜಲವಿದ್ಯುತ್ತೆಂದು ಗ್ರಂಥಸ್ಥವಾಗಿ ಹೇಳುತ್ತಾರೆ. ಆಡುಮಾತಿನಲ್ಲಿ ಅದು ಬರಿಯ ಟರ್ಬೈನು. ಮನೆಗಿಂತ ಇಪ್ಪತ್ತು ಮೀಟರ್ ಎತ್ತರದಲ್ಲಿ ಗುಡ್ಡದ ತೋಡಿಗೆ ಸಣ್ಣದೊಂದು ಕಟ್ಟ ಹಾಕಿ, ಅಲ್ಲಿಂದ ಪಿ.ವಿ.ಸಿ. ಪೈಪಿನಲ್ಲಿ ನೀರನ್ನು ಇಳಿಸಿ, ತುದಿಯಲ್ಲಿ ಕಿರಿದಾದ ಮೂತಿಯಿಂದ ರಭಸವಾಗಿ ಚಿಮ್ಮಿಸುತ್ತಾರೆ. ಚಿಮ್ಮಿದ ನೀರು ಚಕ್ರದ ಅಂಚಿನಲ್ಲಿ ಸಾಲಾಗಿ ಜೋಡಿಸಿದ ಲೋಹದ ಬಟ್ಟಲುಗಳಿಗೆ ಹೊಡೆಯುತ್ತದೆ, ಚಕ್ರ ತಿರುಗುತ್ತದೆ, ಅದರ ಅಚ್ಚಿಗೆ ಹೊಂದಿಸಿದ ಯಂತ್ರ ವಿದ್ಯುತ್ತನ್ನು ಕೊಡುತ್ತದೆ. ಸೆಕೆಂಡಿಗೆ ಹತ್ತು ಲೀಟರ್ ನೀರಿದ್ದರೆ, ಅರ್ಧ ಭಾಗ ನಷ್ಟವೆಂದು ಬಿಟ್ಟುಕೊಟ್ಟರೂ, ಒಂದು ಕಿಲೋವಾಟಿಗೆ ಮೋಸವಿಲ್ಲ. ಸಣ್ಣದೆನಿಸಬಹುದು, ಆದರೆ ಈ ಚಕ್ರ ಹಗಲೂ ರಾತ್ರಿಯೂ ತಿರುಗುವುದರಿಂದ ದಿನಕ್ಕೆ 24 ಯೂನಿಟ್ ಆಯಿತು, ಸಾಧಾರಣ ಸಂಸಾರಕ್ಕೆ ಅದು ಮಿಗುವಷ್ಟು.

ಆ ಮಿಗುವಿಕೆಯದೇ ಒಂದು ತೊಡಕು, ಮತ್ತು ಅದರ ಪರಿಹಾರ ಬಹು ರಮ್ಯವಾದುದು. ಮನೆಯವರು ಮಲಗುವ ಹೊತ್ತಿಗೆ ದೀಪಗಳನ್ನೆಲ್ಲ ಆರಿಸಿದರೆ ಹೊರೆ ತಪ್ಪಿದ ಚಕ್ರ ಹುಚ್ಚುವೇಗದಿಂದ ತಿರುಗಿ, ವೋಲ್ಟೇಜು ಏರಿ, ಉರಿಯುವ ಒಂದೆರಡು ಬಲ್ಬುಗಳೂ ಸುಟ್ಟುಹೋಗುತ್ತವೆ. ನೀರನ್ನು ತಡೆಯಲು ನಡುರಾತ್ರಿ ಮಳೆಯಲ್ಲಿ ಗುಡ್ಡ ಹತ್ತುವವರಾರು? ಆದಕಾರಣ ಒಂದು ನಿಯಂತ್ರಕವನ್ನಿಟ್ಟು, ಮನೆಗೆ ಬೇಡವಾದಷ್ಟು ವಿದ್ಯುತ್ತು ತಾನಾಗಿ ಒಂದು ಹೀಟರ್ ಸುರುಳಿಗೆ ಹರಿಯುವಂತೆ ಮಾಡುತ್ತಾರೆ. ಆ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿಟ್ಟಲ್ಲಿ ಬೆಳಗ್ಗೆ ಏಳುವಾಗ ಸ್ನಾನದ ನೀರು ಬಿಸಿಯಾಗಿರುತ್ತದೆ. ಶರಾವತಿಯ ಎಂಜಿನಿಯರುಗಳು ಇಡೀ ರಾಜ್ಯದ ಹೊರೆಯನ್ನು ಸಮತೂಗಿಸಲು ಮಾಡುವ ಕೆಲಸವನ್ನು ಇಲ್ಲಿ ಒಂದು ಬಚ್ಚಲುಮನೆ ನಿರ್ವಹಿಸಿಬಿಡುತ್ತದೆ. ತರಗೆಲೆಗಳು ಬಂದು ಪೈಪಿನ ಬಾಯಿ ಕಟ್ಟುವುದೊಂದೇ ನಿತ್ಯದ ಕಾಟ. ಅದನ್ನು ಬಿಡಿಸಲು ಮಾತ್ರ ಜಿಗಣೆಗಳ ನಡುವೆ ತೋಡಿನ ಕಟ್ಟಕ್ಕೆ ಹೋಗಲೇಬೇಕು.

ಈ ಟರ್ಬೈನುಗಳು ಬರಿಯ ಹವ್ಯಾಸದಿಂದ ಬಂದವಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾದ ಮೇಲೆ ಅದರ ಒಳಗೂ ಅಂಚಿನಲ್ಲೂ ಉಳಿದ ಮನೆಗಳಿಗೆ, ಅವುಗಳಲ್ಲಿ ಅನೇಕವು ಮಲೆಕುಡಿಯ ಬುಡಕಟ್ಟಿನವರವು, ಕಾಡಿನ ಕಾನೂನಿನ ಕಾರಣದಿಂದ ವಿದ್ಯುತ್ ಕಂಬಗಳು ಬರುವುದು ದುಸ್ತರವಾಯಿತು. ಎಳನೀರು ಎಂಬ ಊರು ಬೆಳ್ತಂಗಡಿ ತಾಲೂಕಿಗೆ ಸೇರಿದುದಾದರೂ ಘಟ್ಟದ ಮೇಲಿದ್ದು, ಅಲ್ಲಿಯವರು ತಮ್ಮ ತಾಲೂಕು ಕಚೇರಿಗೆ ವಾಹನದಲ್ಲಿ ಬರಬೇಕಾದರೆ ಚಿಕ್ಕಮಗಳೂರು ಜಿಲ್ಲೆಯನ್ನು ಹೊಕ್ಕು ಸುತ್ತಿಕೊಂಡೇ ಬರಬೇಕು. ಅಂಥ ಊರಿಗೆ ತಂತಿಗಿಂತ ತೋಡೇ ಹತ್ತಿರದ ಬಂಧು. ಆದರೆ ಅದು ಋತುಬಂಧು. ಜೂನ್ ತಿಂಗಳಲ್ಲಿ ಕೈಹಿಡಿದು, ಮಕರಮಾಸ ಕಳೆಯುವಷ್ಟರಲ್ಲಿ ಕ್ಷೀಣಿಸಿ, ಬೇಸಗೆಯಲ್ಲಿ ಕೈಬಿಡುತ್ತದೆ. ಆಗ ಸೌರದೀಪವೇ ಗತಿ. ಹರೀಶ್ ಹಂದೆಯವರು 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಕಟ್ಟಿದ ಸೆಲ್ಕೋ ಸಂಸ್ಥೆಯು, ಸೂರ್ಯಫಲಕವನ್ನು ಬ್ಯಾಂಕಿನ ಸಾಲದ ಮೇಲೆ ಸಾಮಾನ್ಯರೂ ಕೊಳ್ಳಬಹುದೆಂದು ತೋರಿಸಿಕೊಟ್ಟಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದುದು ಇದಕ್ಕಾಗಿಯೇ. ತೋಡು ತುಂಬಿದಾಗ ಬಿಸಿಲಿಲ್ಲ, ಬಿಸಿಲು ಬಂದಾಗ ತೋಡಿಲ್ಲ. ಒಂದೇ ಮನೆಯ ಮಾಡಿನ ಕೆಳಗೆ ಎರಡನ್ನೂ ಇಟ್ಟುಕೊಂಡವನಿಗೆ ವರ್ಷವೆಲ್ಲ ಬೆಳಕು.

ಬಂಟ್ವಾಳದಲ್ಲಿ ಚಿತ್ರವೇ ಬೇರೆ. ಶಂಭೂರಿನಲ್ಲಿ ನೇತ್ರಾವತಿಗೆ ಅಡ್ಡಲಾಗಿ ಕಟ್ಟಿರುವ ಅಣೆಕಟ್ಟಿನ ಜಲವಿದ್ಯುದಾಗಾರವು, ಸರ್ಕಾರದ ಲೆಕ್ಕದಲ್ಲಿ 25 ಮೆಗಾವಾಟಿನವರೆಗಿನ ಕಿರಿಯ ಯೋಜನೆಗಳ ವರ್ಗಕ್ಕೆ ಸೇರಿದ್ದು, ಶರಾವತಿಯಂತೆ ಮಳೆಯನ್ನು ವರ್ಷಪೂರ್ತಿ ಕೂಡಿಟ್ಟುಕೊಳ್ಳುವಂಥದಲ್ಲ. ಹೊಳೆ ಹರಿದಂತೆ ಉತ್ಪಾದನೆ. ಮಳೆಗಾಲದ ಆಟಿ ತಿಂಗಳಲ್ಲಿ ಕೆಂಪಗೆ ತುಂಬಿ ಬರುವಾಗ ಯಂತ್ರಕ್ಕೆ ಬೇಕಾದುದಕ್ಕಿಂತ ಎಷ್ಟೋ ಮಡಿ ನೀರು ಕಡಲಿಗೆ ಹೋಗುತ್ತದೆ. ಚೈತ್ರ ವೈಶಾಖಗಳಲ್ಲಿ ಯಂತ್ರ ಸ್ತಬ್ಧ. ಆ ತಿಂಗಳುಗಳಲ್ಲಿ ಅಲ್ಲಿ ನಿಂತ ನೀರಿಗೆ ಬೇರೊಬ್ಬ ಹಕ್ಕುದಾರನೂ ಉಂಟು. ಕೆಳಗೆ ತುಂಬೆಯ ಅಣೆಕಟ್ಟಿನಿಂದ ಮಂಗಳೂರು ಪಟ್ಟಣಕ್ಕೆ ಕುಡಿಯುವ ನೀರು ಹೋಗಬೇಕಾದುದರಿಂದ, ತುಂಬೆಯ ಮಟ್ಟ ಇಳಿದಾಗ ಶಂಭೂರಿನ ನೀರನ್ನು ಕೆಳಕ್ಕೆ ಬಿಡಿಸಿಕೊಳ್ಳುತ್ತಾರೆ. ಒಂದೇ ಹೊಳೆಯ ನೀರಿನಲ್ಲಿ ದೀಪವನ್ನೂ ದಾಹವನ್ನೂ ಲೆಕ್ಕಹಾಕಬೇಕಾದ ಪರಿಸ್ಥಿತಿ ಇದು.

ಆ ಬೇಸಗೆಯಲ್ಲಿಯೇ ತಾಲೂಕಿನ ತೋಟಗಳಿಗೆ ವಿದ್ಯುತ್ತು ಅತ್ಯಂತ ಹೆಚ್ಚಾಗಿ ಬೇಕಾಗುವುದು. ಅಡಕೆಯ ಬುಡಕ್ಕೆ ತುಂತುರು ನೀರಾವರಿ ನಡೆಸುವ ಐದು ಎಚ್.ಪಿ. ಪಂಪು ಆರು ಗಂಟೆ ಓಡಿದರೆ ಇಪ್ಪತ್ತಕ್ಕೂ ಹೆಚ್ಚು ಯೂನಿಟ್ ವ್ಯಯವಾಗುತ್ತದೆ. ಹತ್ತು ಎಚ್.ಪಿ.ವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ಶುಲ್ಕವಿಲ್ಲದ ಕಾರಣ ಈ ಯೂನಿಟ್ಟುಗಳು ಕೃಷಿಕನ ಮನಸ್ಸಿನಲ್ಲಿ ನಿಲ್ಲುವುದು ಕಡಮೆ. ಅದೇ ತಾಲೂಕಿನ ಮಾಣಿಲ, ಅಡ್ಯನಡ್ಕಗಳ ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳುಂಟು. ಗುಡ್ಡದೊಳಗಿನ ಒರತೆ ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬಂದು ಬೀಳುತ್ತದೆ, ಅಲ್ಲಿಂದ ತಗ್ಗಿನ ತೋಟಕ್ಕೆ. ಎತ್ತುವ ಕೆಲಸವೇ ಇಲ್ಲ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು, ಕೂಲಿ ಕೆಲಸ ಮುಗಿಸಿ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಗುಡ್ಡವನ್ನು ಕೊರೆದು, ಹಲವು ಸುರಂಗಗಳು ಬರಿದಾದರೂ ಬಿಡದೆ, ಕೊನೆಗೆ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ವಿದ್ಯುತ್ತಿನ ವಿಚಾರದಲ್ಲಿ ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಆದರೆ ಅವರ ತೋಟದ ನೀರಿಗೆ ಶರಾವತಿಯಿಂದಾಗಲಿ ರಾಯಚೂರಿನಿಂದಾಗಲಿ ಒಂದು ಯೂನಿಟ್ಟೂ ಬರಬೇಕಾಗಿಲ್ಲವೆಂಬುದು ಶಕ್ತಿಯ ಲೆಕ್ಕದಲ್ಲಿ ಸಣ್ಣ ಮಾತಲ್ಲ.

ಮಳೆಗಾಲ ಬೇಸಗೆಗಳ ನಡುವಿನ ಈ ಬಗೆಯ ಏರಿಳಿತಗಳನ್ನು ತುಂಬಿಕೊಡಲೆಂದೇ ತಂತಿಗಳ ಮಹಾಜಾಲ ಇರುವುದು. ನಾನಾ ಗುಡ್ಡಗಳ ತೋಡುಗಳು ಒಂದೇ ಹೊಳೆಗೆ ಕೂಡಿದ ಮೇಲೆ ಯಾವ ನೀರು ಯಾವ ಗುಡ್ಡದ್ದೆಂದು ಹೇಳಲಾಗದಂತೆ, ಈ ಜಾಲದೊಳಗೆ ಕೈಗಾದ ಪರಮಾಣು, ಗದಗದ ಗಾಳಿ, ಪಾವಗಡದ ಬಿಸಿಲು, ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ಒಂದಾಗಿಬಿಡುತ್ತವೆ. ಮುಂಗಾರಿನ ಕಾಲದಲ್ಲಿ ಕರಾವಳಿಯ ಸೂರ್ಯಫಲಕಗಳು ಮಂಕಾದಾಗ ಅದೇ ಮುಂಗಾರು ಘಟ್ಟವನ್ನು ದಾಟಿ ಗದಗ, ಚಿತ್ರದುರ್ಗಗಳ ಬೆಟ್ಟಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುತ್ತಿರುತ್ತದೆ. ಮಾಘ ಫಾಲ್ಗುಣಗಳಲ್ಲಿ ಗಾಳಿ ಅಡಗಿದಾಗ ಪಾವಗಡದಲ್ಲಿ ಬಿಸಿಲು ಪ್ರಖರವಾಗಿರುತ್ತದೆ. ಸಂಜೆ ಬಿಸಿಲಿಳಿದು ಮನೆಮನೆಗಳಲ್ಲಿ ದೀಪ ಹೊತ್ತುವ ಹೊತ್ತಿಗೆ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಕ್ಷಣಮಾತ್ರದಲ್ಲಿ ಯಂತ್ರಕ್ಕೆ ಬಿಡಬಹುದು. ಹಿಂದೆ ಈ ಜಾಲ ದೇಶದಲ್ಲಿ ಒಂದಾಗಿರಲಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಮುಳುಗಿದಾಗ ದಕ್ಷಿಣದವರ ದೀಪ ಆರದಿದ್ದುದು ನಮ್ಮ ಜಾಲ ಬೇರೆಯಾಗಿದ್ದುದರಿಂದ. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಿನ 765 ಕಿಲೋವೋಲ್ಟ್ ತಂತಿಯ ಮೂಲಕ ದಕ್ಷಿಣವೂ ಕೂಡಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ವಿದ್ಯುತ್ತಿನ ನಾಡಿಬಡಿತ ಒಂದೇ, ಸೆಕೆಂಡಿಗೆ ಐವತ್ತು.

ಪಾವಗಡದ ಉದಾಹರಣೆಯನ್ನು ನಿಡ್ಡೋಡಿಯ ಪಕ್ಕದಲ್ಲಿಟ್ಟು ನೋಡತಕ್ಕದ್ದು. ಅಲ್ಲಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರೋದ್ಯಾನ ಹರಡಿದೆ. ಬರಗಾಲಕ್ಕೆ ಹೆಸರಾದ ಆ ಸೀಮೆಯಲ್ಲಿ ಸರ್ಕಾರವು ರೈತರ ಭೂಮಿಯನ್ನು ಕಸಿದುಕೊಳ್ಳದೆ ಗೇಣಿಗೆ ಪಡೆಯಿತು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಭೂಮಿಯಿಲ್ಲದ ಕೂಲಿಕಾರರಿಗೆ ಇದರಿಂದ ಸಿಕ್ಕಿದ್ದೇನು ಎಂಬ ಪ್ರಶ್ನೆ ಅಲ್ಲಿಯೂ ಉಳಿದಿದೆಯಾದರೂ, ಆ ನೆಲದ ಬಳಿ ಇದ್ದುದೇ ಬಿಸಿಲು, ಅದನ್ನೇ ಅದು ಮಾರಿತು. ನಿಡ್ಡೋಡಿಯ ಬಳಿ ಇದ್ದುದು ನೀರು, ಮಣ್ಣು, ಮೂರು ಬೆಳೆಗಳ ನೆನಪು. ಕೇಳಿದ್ದು ಇಂಡೋನೇಷ್ಯದಂಥ ದೇಶಗಳ ಕಲ್ಲಿದ್ದಲನ್ನು ಸುಡಲು ಜಾಗ. ಹಡಗಿನಲ್ಲಿ ಬರುವ ಕಲ್ಲಿದ್ದಲಿಗೆ ದೂರದ ಸರ್ಕಾರದ ಒಂದು ಆಜ್ಞೆಯೇ ಬೆಲೆಯನ್ನು ತಲೆಕೆಳಗು ಮಾಡಬಲ್ಲದು. ಇಂಡೋನೇಷ್ಯವು ತನ್ನ ಕಲ್ಲಿದ್ದಲಿನ ಬೆಲೆಯ ನಿಯಮವನ್ನು ಬದಲಿಸಿದಾಗ ಗುಜರಾತಿನ ಮುಂದ್ರಾದ ಬೃಹತ್ ಸ್ಥಾವರಗಳು ನಷ್ಟಕ್ಕೆ ಸಿಲುಕಿದುದನ್ನು ಆ ಹೊತ್ತಿಗೆ ದೇಶವೇ ನೋಡಿತ್ತು. ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿಯು ಹಮ್ಮಿಕೊಂಡಿದ್ದ ಯೋಜನೆ 1999ರಲ್ಲಿ ಕೈಬಿಟ್ಟುಹೋದರೂ, ಮುಂದೆ ಎಲ್ಲೂರಿನಲ್ಲಿ ಪರದೇಶದ ಕಲ್ಲಿದ್ದಲಿನ 1,200 ಮೆಗಾವಾಟ್ ಸ್ಥಾವರ ಬಂದೇ ಬಂದಿತು. ವಿರೋಧವೆಲ್ಲ ಗೆಲ್ಲುವುದಿಲ್ಲ. ಶಿವರಾಮ ಕಾರಂತರು ಕೈಗಾದ ಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ಸ್ಥಾವರ ನಡೆಯುತ್ತಿದೆ, ನಾಲ್ಕು ಘಟಕಗಳಿಂದ 880 ಮೆಗಾವಾಟ್.

ಉತ್ಪಾದನೆಯೂ ಅಲ್ಲದ, ಬಳಕೆಯೂ ಅಲ್ಲದ ಮೂರನೆಯ ಸಂಬಂಧವೊಂದು ಈ ತಾಲೂಕುಗಳಿಗೆ ಶಕ್ತಿಯೊಡನೆ ಬೆಳೆದಿದೆ. ಅದು ದಾರಿಯ ಸಂಬಂಧ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲು, ಡೀಸೆಲುಗಳನ್ನು ಒಯ್ಯುವ, 360 ಕಿಲೋಮೀಟರಿಗೂ ಉದ್ದವಾದ ಕೊಳವೆಮಾರ್ಗ 2003ರಲ್ಲಿ ಆರಂಭವಾಯಿತು. ಅದು ಈ ತೋಟಗಳ ಅಡಿಯಲ್ಲಿಯೇ ಹಾದುಹೋಗುತ್ತದೆ. ಘಟ್ಟವನ್ನು ಏರಬೇಕಾದ ಎಣ್ಣೆಗೆ ಒತ್ತಡ ಕೊಡುವ ಠಾಣೆ ಬೆಳ್ತಂಗಡಿಯ ನೆರಿಯದಲ್ಲಿದೆ. ತೋಡಿನ ಟರ್ಬೈನುಗಳ ಊರಾದ ನೆರಿಯವೇ ಬೆಂಗಳೂರಿನ ವಾಹನಗಳ ಇಂಧನಕ್ಕೂ ಮೆಟ್ಟಿಲಾಗಿರುವುದು ನನಗಂತೂ ಸೋಜಿಗ. ನೆಲದ ಮೇಲೆ, ಬಂಟ್ವಾಳದ ಬಿ.ಸಿ. ರೋಡನ್ನು ಹಾದುಹೋಗುವ ಹೆದ್ದಾರಿಯಲ್ಲಿ, ಅನಿಲದ ಟ್ಯಾಂಕರುಗಳ ಸಾಲು. 2013ರ ಏಪ್ರಿಲಿನಲ್ಲಿ ಬಂಟ್ವಾಳ ತಾಲೂಕಿನ ಪೆರ್ನೆಯಲ್ಲಿ ಅಂಥದೊಂದು ಟ್ಯಾಂಕರ್ ಉರುಳಿ, ಅನಿಲ ಹೊತ್ತಿಕೊಂಡು, ರಸ್ತೆಯ ಬದಿಯ ಮನೆಗಳನ್ನೂ ಹಲವರ ಪ್ರಾಣವನ್ನೂ ಕೊಂಡೊಯ್ದಿತು.

ತಲೆಯ ಮೇಲಿನ ದಾರಿಯ ಕಥೆ ಇನ್ನೂ ಮುಗಿದಿಲ್ಲ. ಕೇರಳವು ತನ್ನ ವಿದ್ಯುತ್ತಿನ ಬಹುಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆಂದು ಮೇಲೆ ಹೇಳಿದೆಯಷ್ಟೆ. ಅದರ ಉತ್ತರ ಜಿಲ್ಲೆಗಳಿಗಾಗಿ ಉಡುಪಿಯಿಂದ ಕಾಸರಗೋಡಿಗೆ 400 ಕಿಲೋವೋಲ್ಟಿನ ತಂತಿಯನ್ನು ಯೋಜಿಸಿದರು. ಅದರ ಹಾದಿ ಮೂಡುಬಿದಿರೆಯ ಕಡೆಯಿಂದ ಬಂಟ್ವಾಳದ ವಿಟ್ಲ ಸೀಮೆಯ ತೋಟಗಳನ್ನು ಸೀಳಿಕೊಂಡು ಹೋಗುವಂಥದು. ಸಾವಿರ ಕಂಬದ ಬಸದಿಯ ಊರಾದ ಮೂಡುಬಿದಿರೆಯವರಿಗೆ ಇನ್ನಷ್ಟು ಕಂಬಗಳು ಬೇಡವೆನಿಸಿದ್ದರೆ ಅದನ್ನು ತಪ್ಪೆನ್ನಲಾಗದು. ಇಂಥ ತಂತಿಗೆ ನೆಲವನ್ನು ಸ್ವಾಧೀನಪಡಿಸಿಕೊಳ್ಳುವುದಿಲ್ಲ. 2003ರ ವಿದ್ಯುತ್ ಕಾಯಿದೆಯು 1885ರ ಟೆಲಿಗ್ರಾಫ್ ಕಾಯಿದೆಯ ಅಧಿಕಾರಗಳನ್ನು ತಂತಿ ಎಳೆಯುವವರಿಗೆ ವಹಿಸಿಕೊಡಲು ಎಡೆಮಾಡಿದೆ. ಅದರಂತೆ ಭೂಮಿ ಮಾಲೀಕನದೇ, ಪಹಣಿ ಅವನದೇ, ತೆರಿಗೆಯೂ ಅವನದೇ. ಆದರೆ ತಂತಿಯ ಅಡಿಯ 46 ಮೀಟರ್ ಅಗಲದ ಪಟ್ಟಿಯಲ್ಲಿ ಎತ್ತರಕ್ಕೆ ಬೆಳೆಯುವ ಯಾವ ಮರವೂ ನಿಲ್ಲಕೂಡದು. ಭತ್ತದ ಸೀಮೆಯಲ್ಲಿ ಈ ನಿಯಮದಿಂದ ಆಗುವ ನಷ್ಟ ಗೋಪುರದ ಕಾಲುಗಳಷ್ಟು ಜಾಗ. ಹದಿನೈದು, ಇಪ್ಪತ್ತು ಮೀಟರ್ ಎತ್ತರಕ್ಕೆ ಹೋಗುವ ಅಡಕೆ, ತೆಂಗುಗಳ ಸೀಮೆಯಲ್ಲಾದರೋ ಇಡೀ ಪಟ್ಟಿಯೇ ಬಯಲಾಗಬೇಕು. ಕಾಯಿದೆ ಒಂದೇ, ನೆಲ ಬೇರೆ. ಪರಿಹಾರದ ಮೊತ್ತವನ್ನು ಗೊತ್ತುಮಾಡುವವರು ಈ ಭೇದವನ್ನು ಎಷ್ಟರಮಟ್ಟಿಗೆ ಗಣನೆಗೆ ತಂದುಕೊಳ್ಳುತ್ತಾರೆಂಬುದರ ಮೇಲೆಯೇ ಜಗಳವೆಲ್ಲ ನಿಂತಿದೆ.

ತಂತಿಯನ್ನು ನೆಲದಡಿಯಲ್ಲಿ ಒಯ್ಯಬಾರದೇ ಎಂಬ ಪ್ರಶ್ನೆ ಇಂಥ ಎಡೆಗಳಲ್ಲಿ ಸಹಜವಾಗಿಯೇ ಏಳುತ್ತದೆ. ಪರ್ಯಾಯ ವಿದ್ಯುತ್ತಿನ 400 ಕಿಲೋವೋಲ್ಟ್ ಕೇಬಲ್ಲನ್ನು ದೂರಕ್ಕೆ ಹೂಳುವುದು ತಾಂತ್ರಿಕವಾಗಿ ತೊಡಕಿನದು, ವೆಚ್ಚವೂ ಹಲವು ಮಡಿ, ಇದು ನಿಜ. ಏಕಮುಖ ವಿದ್ಯುತ್ತಾದರೆ ಆ ತೊಡಕು ಬಹಳಷ್ಟು ತಪ್ಪುತ್ತದೆ. ತಮಿಳುನಾಡಿನ ಪುಗಲೂರಿನಿಂದ ತ್ರಿಶೂರಿಗೆ 2021ರಲ್ಲಿ ಪೂರ್ಣಗೊಂಡ 2,000 ಮೆಗಾವಾಟಿನ ಏಕಮುಖ ಮಾರ್ಗದಲ್ಲಿ, ಕೇರಳದೊಳಗೆ ಗೋಪುರಗಳಿಗೆ ಜಾಗ ಸಿಗುವುದು ದುರ್ಲಭವಾಗಿದ್ದ ಕಾರಣ, ಕೊನೆಯ ಇಪ್ಪತ್ತೈದು ಕಿಲೋಮೀಟರಿಗೂ ಮಿಕ್ಕಿದ ಭಾಗವನ್ನು ನೆಲದಡಿಯ ಕೇಬಲ್ಲಿನಲ್ಲಿಯೇ ಒಯ್ದಿದ್ದಾರೆ.